ಬೆನ್ನಿಗೆ ಕ್ಲಿಪ್ಪು ಹಾಕಿದ ಕೋಟು

ಮೊನ್ನೆ ಶುಕ್ರವಾರ ನನ್ನ ಹೆಂಡತಿ ಜಯಂತಿ ಕಪಾಟಿನ ಕೆಳಗಿನ ಡ್ರಾಯರು ಖಾಲಿ ಮಾಡಲು ಕೂತಿದ್ದಳು. ಗಲ್ಫಿನಲ್ಲಿ ಸಂಸಾರ ಮಾಡಿದವರ ಮನೆಯಲ್ಲೆಲ್ಲ ಇಂಥದ್ದೊಂದು ಡ್ರಾಯರು ಇರುತ್ತದೆ. ಯಾವುದೋ ಕಾಲದ ಫೋನಿನ ಚಾರ್ಜರು, ಅವಧಿ ಮುಗಿದ ಹೆಲ್ತ್ ಕಾರ್ಡು, ಒಂದು ಬೀಗ, ಆ ಬೀಗಕ್ಕೆ ಸಂಬಂಧವೇ ಇಲ್ಲದ ಕೀಲಿಕೈ, ಊರಿನಿಂದ ಬಂದು ಒಣಗಿಹೋದ ಪ್ರಸಾದದ ಪೊಟ್ಟಣ. ಅವೆಲ್ಲದರ ತಳದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳ ಪುಟ್ಟ ಪುಟ್ಟ ಕವರುಗಳು ಸಿಕ್ಕಿದವು. ಇಲ್ಲಿ ಏನು ಮಾಡಿಸಬೇಕೆಂದರೂ ಫೋಟೋ ಕೇಳುತ್ತಾರೆ. ಬೇಕಾಗುವುದು ಒಂದೋ ಎರಡೋ, ಸ್ಟುಡಿಯೋದವರು ಕೊಡುವುದು ಒಂದು ಹಾಳೆ ತುಂಬ. ಹೀಗೆ ಯಾರಿಗೂ ಬೇಡವಾಗಿ ಉಳಿದ ನಾನು ವರ್ಷದಿಂದ ವರ್ಷಕ್ಕೆ ಆ ಡ್ರಾಯರಿನಲ್ಲಿ ಜಮೆಯಾಗುತ್ತ ಬಂದಿದ್ದೇನೆ.

ಜಯಂತಿ ಅವನ್ನು ನೆಲದ ಮೇಲೆ ಸಾಲಾಗಿ ಹರಡಿ, ಸ್ವಲ್ಪ ಹೊತ್ತು ನೋಡಿ, "ಎಲ್ಲದ್ರಗೂ ಒಂದೇ ಕೋಟ್ ಅಲ್ದಾ ಇದ್?" ಎಂದಳು. ನಾವು ಬಾರ್ಕೂರು ಕಡೆಯವರು. ಮಸ್ಕತ್ತಿಗೆ ಬಂದು ಇಷ್ಟು ಕಾಲವಾದರೂ ಮನೆಯೊಳಗಿನ ನಮ್ಮ ಮಾತು ಇನ್ನೂ ಹೊಳೆ ದಾಟಿಲ್ಲ.

ಅವಳು ಹೇಳಿದ್ದು ನಿಜ. ಮೊದಲನೆಯ ಫೋಟೋದಲ್ಲಿ ತಲೆ ತುಂಬ ಕೂದಲಿದೆ, ಕೊನೆಯದರಲ್ಲಿ ಹಣೆ ನೆತ್ತಿಯವರೆಗೂ ಹತ್ತಿಹೋಗಿದೆ. ಮೀಸೆ ದಪ್ಪಗಾಗಿ, ತೆಳ್ಳಗಾಗಿ, ಮಾಯವಾಗಿದೆ. ಕೋಟು ಮಾತ್ರ ಅದೇ ಕಡುನೀಲಿ, ಕಾಲರಿನ ಅಂಚು ಮಾಸಿ ಮಿನುಗುವ ಅದೇ ಕೋಟು. ಅದು ನನ್ನದಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮದುವೆಗೂ ಸೇರಿ ನಾನು ಈ ಜನ್ಮದಲ್ಲಿ ಒಂದು ಕೋಟು ಹೊಲಿಸಿಕೊಂಡವನಲ್ಲ.

ಕೋಟು ಮಸ್ಕತ್ತಿನಲ್ಲಿ ನಾವಿರುವ ಹಮ್ರಿಯಾದ ಒಂದು ಸ್ಟುಡಿಯೋದ್ದು. ಸ್ಟುಡಿಯೋ ಎಂದರೆ ದೊಡ್ಡದೇನೂ ಅಲ್ಲ. ಒಂದು ಬದಿಗೆ ದರ್ಜಿಯ ಅಂಗಡಿ, ಇನ್ನೊಂದು ಬದಿಗೆ ಮೊಬೈಲ್ ರಿಪೇರಿಯವನು, ನಡುವೆ ಇಬ್ಬರು ಒಳಗೆ ನಿಂತರೆ ಮೂರನೆಯವನು ಹೊರಗೆ ಬಿಸಿಲಿನಲ್ಲಿ ಕಾಯಬೇಕಾದಷ್ಟು ಜಾಗ. ನಡೆಸುವವರು ಕಾರ್ಕಳದ ವಿಠಲಣ್ಣ. ಆ ಕೋಟನ್ನು ಯಾರೋ ಭಾರಿ ಆಳು ಊರಿಗೆ ಹೊರಡುವಾಗ ಬಿಟ್ಟುಹೋದದ್ದಂತೆ. ನಮ್ಮಂಥವರು ಹಾಕಿಕೊಂಡರೆ ಅದರೊಳಗೆ ಇನ್ನೊಬ್ಬನಿಗೂ ಜಾಗ ಉಳಿಯುತ್ತದೆ. ಆಗ ವಿಠಲಣ್ಣ ಬೆನ್ನ ಹಿಂದೆ ಬಂದು, ಹೆಚ್ಚಾದ ಬಟ್ಟೆಯನ್ನು ಎಳೆದು ಮಡಚಿ, ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸುತ್ತಾರೆ. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಹಿಂದಿನಿಂದ ನೋಡಿದರೆ ಕೆಂಪು, ಹಸಿರು, ಹಳದಿ ಕ್ಲಿಪ್ಪುಗಳ ಸಾಲು. ವರ್ಷ ಕಳೆದಂತೆ ನನ್ನ ಬೆನ್ನಿಗೆ ಬೇಕಾಗುವ ಕ್ಲಿಪ್ಪುಗಳು ಕಡಿಮೆಯಾಗುತ್ತ ಬಂದು, ಕೊನೆಯ ಸಲ ಒಂದೂ ಬೇಕಾಗಲಿಲ್ಲ. ಗಲ್ಫಿಗೆ ಬಂದು ನಾನು ಬೆಳೆದೆ ಎಂದು ಹೇಳಿಕೊಳ್ಳಲು ಇರುವ ಪುರಾವೆ ಇದೊಂದೇ.

ಈಗ ಬೇರೆ ಸ್ಟುಡಿಯೋಗಳಲ್ಲಿ ಕಂಪ್ಯೂಟರಿನಲ್ಲೇ ಕೋಟು ತೊಡಿಸುತ್ತಾರೆ. ಬನಿಯನ್ನಿನಲ್ಲಿ ಹೋಗಿ ಕೂತರೂ ಸಾಕು. ವಿಠಲಣ್ಣನಿಗೆ ಅದು ಒಪ್ಪಿಗೆಯಿಲ್ಲ. ನಿಜವಾದ ಕೋಟು ಹೆಗಲ ಮೇಲೆ ಬಿದ್ದಾಗ ಮನುಷ್ಯನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕಂಪ್ಯೂಟರು ಹಾಕಿದ ಕೋಟಿಗೆ ಆ ಭಾರವಿಲ್ಲ ಎಂದು ಅವರ ವಾದ.

ಆ ಸ್ಟುಡಿಯೋದಲ್ಲಿ ಇನ್ನೊಂದು ಪದ್ಧತಿಯಿದೆ. ಅಲ್ಲಿ ಕೋಟು ತೊಟ್ಟು ಫೋಟೋ ತೆಗೆಸಿಕೊಂಡು ಹೋದವನಿಗೆ ಕೆಲಸ ಸಿಕ್ಕಿದರೆ, ಅವನು ಒಂದು ಟೈ ತಂದು ಪರದೆಯ ಹಿಂದಿನ ಮೊಳೆಗೆ ನೇತುಹಾಕಬೇಕು. ಮುಂದೆ ಬರುವವನು ಆ ಟೈಗಳಲ್ಲಿ ಒಂದನ್ನು ಆರಿಸಿ ಕಟ್ಟಿಕೊಳ್ಳುತ್ತಾನೆ. ಯಾವುದು ಯಾರದ್ದೆಂದು ವಿಠಲಣ್ಣನಿಗೆ ನೆನಪಿರುತ್ತದೆ. ಇದು ಪುತ್ತೂರಿನ ಡ್ರಾಫ್ಟ್ಸ್‌ಮನ್ನಿನದು, ಇದು ಭಟ್ಕಳದವರದು, ಇದನ್ನು ಕಟ್ಟಿಕೊಂಡವರಿಗೆಲ್ಲ ಕೆಲಸ ಆಗಿದೆ, ಇದರ ಕೈಗುಣ ಒಳ್ಳೆಯದು ಎಂದು ಒಂದೊಂದನ್ನೇ ಮುಟ್ಟಿ ತೋರಿಸುತ್ತಾರೆ. ಮೊದಲ ಕೆಲಸ ಸಿಕ್ಕಿದಾಗ ನಾನೂ ರೂವಿ ಪೇಟೆಯಲ್ಲಿ ಒಂದು ಕಂದು ಗೆರೆಯ ಟೈ ಕೊಂಡು ಕೊಟ್ಟಿದ್ದೆ. ಕುತ್ತಿಗೆಗೆ ಟೈ ಕಟ್ಟುವ ಕೆಲಸವೇನೂ ನನ್ನದಾಗಿರಲಿಲ್ಲ. ನಾನು ಖರೀದಿ ವಿಭಾಗದವನು, ಪೈಪು, ಫಿಲ್ಟರು, ಕಂಪ್ರೆಸರು ತರಿಸುವವನು.

ಎರವಲು ಬಟ್ಟೆಯಲ್ಲಿ ಫೋಟೋ ತೆಗೆಸಿಕೊಳ್ಳುವುದು ನನಗೆ ಹೊಸದೂ ಅಲ್ಲ ಎನ್ನಿ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಫೋಟೋ ಬೇಕೆಂದಾಗ ನನ್ನ ಅಂಗಿಯ ಕಾಲರು ಹರಿದಿತ್ತು. ಅಮ್ಮ ಬೇಲಿಯಾಚೆಯ ಮನೆಯ ಹುಡುಗನ ತಿಳಿಹಸಿರು ಅಂಗಿ ಕೇಳಿ ತಂದಳು. ಬ್ರಹ್ಮಾವರದ ಸ್ಟುಡಿಯೋಕ್ಕೆ ಕಳುಹಿಸುವ ಮೊದಲು ತಲೆಗೆ ಎಷ್ಟು ತೆಂಗಿನೆಣ್ಣೆ ಹಚ್ಚಿದ್ದಳೆಂದರೆ, ಫೋಟೋದವರು ಹಣೆ ಹೊಳೆಯುತ್ತದೆ ಎಂದು ತಮ್ಮ ಹೆಗಲ ಬೈರಾಸಿನಿಂದಲೇ ನನ್ನ ಮುಖ ಒರೆಸಿದರು. ಕನ್ನಡಿಯ ಪಕ್ಕ ದಾರ ಕಟ್ಟಿ ನೇತುಹಾಕಿದ್ದ ಬಾಚಣಿಗೆ ಇತ್ತು, ಯಾರೂ ಒಯ್ಯದಿರಲೆಂದು. ಉಸಿರು ಬಿಡಬೇಡ ಎಂದು ಹೇಳಿ ಅವರು ಬಾಗಿಲಿಗೆ ಬಂದ ಯಾರೊಂದಿಗೋ ಮಾತಾಡಲು ಹೋದರು. ನಾನು ಕಣ್ಣು ಕತ್ತಲೆ ಬರುವವರೆಗೆ ಉಸಿರು ಹಿಡಿದು ಕೂತಿದ್ದೆ. ಆಮೇಲೆ ನೋಡಿದರೆ ನಮ್ಮ ಕ್ಲಾಸಿನ ಇನ್ನೂ ಕೆಲವರ ಹಾಲ್ ಟಿಕೆಟ್ಟಿನಲ್ಲಿ ಅದೇ ಅಂಗಿ, ಅದೇ ಒಡೆದ ಗುಂಡಿ. ಪರೀಕ್ಷೆಯವರು ಅದನ್ನು ಗಮನಿಸಲಿಲ್ಲ. ಆದರೆ ಎಲ್ಲರೂ ಹಾಗಲ್ಲವೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ಐವತ್ತು ದಾಟಿದ ಮೇಲೆ ನನ್ನ ಕೆಲಸ ಹೋಯಿತು. ಏಸಿ ಗುತ್ತಿಗೆಯ ನಮ್ಮ ಕಂಪೆನಿಗೆ ಹೊಸ ಗುತ್ತಿಗೆ ಬರುವುದು ನಿಂತು, ಒಂದೊಂದೇ ವಿಭಾಗ ಮುಚ್ಚುತ್ತ ಬಂದು, ಕೊನೆಗೆ ನಮ್ಮ ಸರದಿ. ಖರೀದಿಯಲ್ಲಿ ನಾನು, ಸ್ಟೋರಿನಲ್ಲಿ ಶಿರ್ವದ ಅಲ್ಫೋನ್ಸ್, ಇಬ್ಬರನ್ನೂ ಒಂದೇ ದಿನ ಒಳಗೆ ಕರೆದರು. ಕಫೀಲ, ಎಂದರೆ ನಮಗೆಲ್ಲ ವೀಸಾ ಕೊಟ್ಟ ಒಮಾನಿ ಧಣಿ, ಒಳ್ಳೆಯ ಮನುಷ್ಯ. ನಮ್ಮ ಮುಖ ನೋಡದೆ, ಮೇಜಿನ ಮೇಲಿನ ಖರ್ಜೂರದ ತಟ್ಟೆಯನ್ನು ನೋಡುತ್ತ ವಿಷಯ ಹೇಳಿದ. ವರ್ಷದ ಕೊನೆಯವರೆಗೆ ವೀಸಾ ರದ್ದು ಮಾಡುವುದಿಲ್ಲ, ಅಷ್ಟರಲ್ಲಿ ಬೇರೆ ಕಡೆ ನೋಡಿಕೊಳ್ಳಿ ಎಂದ. ಅಷ್ಟು ಮಾಡಿದ್ದೂ ದೊಡ್ಡ ಉಪಕಾರವೇ.

ಆದರೆ ನನ್ನ ಮಗಳು ಅನುಷ ಇಲ್ಲಿನ ಶಾಲೆಯಲ್ಲಿ ಹನ್ನೆರಡನೇ ತರಗತಿಯಲ್ಲಿದ್ದಳು. ಅವಳ ಬೋರ್ಡ್ ಪರೀಕ್ಷೆ ಇದ್ದದ್ದು ಹೊಸ ವರ್ಷ ಬಂದ ಮೇಲೆ. ಅವಳ ವೀಸಾ, ಅವಳಮ್ಮನ ವೀಸಾ ಎರಡೂ ನನ್ನ ವೀಸಾಕ್ಕೆ ಜೋತುಕೊಂಡಿದ್ದವು. ವರ್ಷದ ಕೊನೆಯೊಳಗೆ ನನಗೆ ಕೆಲಸ ಸಿಗದಿದ್ದರೆ ಪರೀಕ್ಷೆಯ ಬಾಗಿಲಿಗೆ ಬಂದ ಹುಡುಗಿಯನ್ನು ಎಬ್ಬಿಸಿಕೊಂಡು ಊರಿಗೆ ಹೊರಡಬೇಕು. ಅವಳು ಈ ವಿಷಯ ಒಮ್ಮೆಯೂ ಎತ್ತಲಿಲ್ಲ. ಓದುವ ಮೇಜಿನ ಮೇಲೆ ಅಂಟಿಸಿದ್ದ ಪರೀಕ್ಷೆಯ ವೇಳಾಪಟ್ಟಿಯನ್ನು ಮಾತ್ರ ನನಗೆ ಕಾಣದಂತೆ ಪುಸ್ತಕದೊಳಗೆ ಇಟ್ಟುಕೊಂಡಳು.

ಕೆಲಸ ಹೋದವನಿಗೆ ಸಿಗುವ ಉಪದೇಶಕ್ಕೆ ಬರವಿಲ್ಲ. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಏಳುವಷ್ಟರಲ್ಲಿ ಹದ್ದಿನ ವೀಡಿಯೋ ಬಂದಿರುತ್ತಿತ್ತು. ಮುದಿಹದ್ದು ಬೆಟ್ಟದ ತುದಿಗೆ ಹೋಗಿ ತನ್ನ ಹಳೆಯ ಗರಿಗಳನ್ನೆಲ್ಲ ಕಿತ್ತುಕೊಂಡು ಹೊಸದಾಗಿ ಹಾರುತ್ತದಂತೆ. ಹದ್ದಿಗೆ ವೀಸಾ ಬೇಡವಲ್ಲ ಎಂದು ನಾನು ಗೊಣಗುತ್ತಿದ್ದೆ. ಎಲ್ಲರ ಮಾತಿನ ಸಾರ ಒಂದೇ: ನೂರು ಜನರ ನಡುವೆ ನೀನು ಎದ್ದು ಕಾಣಬೇಕು. "ಅಪ್ಪಾ, ಯು ಹ್ಯಾವ್ ಟು ಸ್ಟ್ಯಾಂಡ್ ಔಟ್" ಎಂದು ಅನುಷಳೂ ಹೇಳಿದಳು. ಬಾಲ್ಯದಿಂದಲೂ ಎದ್ದು ಕಾಣದಂತೆ ಬದುಕುವುದನ್ನೇ ಮರ್ಯಾದೆ ಎಂದುಕೊಂಡು ಬಂದವನಿಗೆ ಇದು ಹೊಸ ವಿದ್ಯೆ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮಾತ್ರ ನಾನು ಚೆನ್ನಾಗಿ ಎದ್ದು ಕಾಣುತ್ತಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಸಿಕ್ಕಿದವರೆಲ್ಲ "ಲೀವಾ?" ಎಂದು ಕೇಳುತ್ತಿದ್ದರು. ಹೌದು, ಲೀವು ಎನ್ನುತ್ತಿದ್ದೆ.

ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಹದ್ದಲ್ಲ, ಅಲ್ಫೋನ್ಸ್. ಅವನೂ ಹಮ್ರಿಯಾದಲ್ಲೇ ಒಂದು ಕೋಣೆಯಲ್ಲಿದ್ದ. ಹೆಂಡತಿ ಶಿರ್ವದಲ್ಲಿ, ಮಕ್ಕಳು ದಡ ಸೇರಿದ್ದರು. ಚರ್ಚಿನ ಕಾಯರ್‌ನಲ್ಲಿ ದಪ್ಪ ಸ್ವರದಲ್ಲಿ ಹಾಡುವುದೆಂದರೆ ಅವನಿಗೆ ಪ್ರಾಣ. ಮಸ್ಕತ್ತು ಬಿಟ್ಟರೆ ನನಗೆ ಸ್ವರವೇ ಹೊರಡುವುದಿಲ್ಲ ಎನ್ನುತ್ತಿದ್ದ. ಕೆಲಸ ಹೋದ ಮರುದಿನವೇ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮ ಕಟ್ಟಡದ ಕೆಳಗೆ ನಿಂತು ಫೋನು ಮಾಡಿದ. ನಾನು ಹಾಸಿಗೆಯಲ್ಲಿದ್ದೆ.

"ಮಲಗಿದ್ರೆ ಕೆಲಸ ಹೋದದ್ದು ಖಾತ್ರಿ ಆಗ್ತದೆ ಶ್ರೀಧರ. ಇಳಿ ಕೆಳಗೆ" ಎಂದ.

ಅಲ್ಲಿಂದ ಅದೇ ನಮ್ಮ ಡ್ಯೂಟಿಯಾಯಿತು. ದಿನವೂ ಅದೇ ಹೊತ್ತಿಗೆ ಹೊರಟು ರೂವಿಯ ಬಸ್ ನಿಲ್ದಾಣದ ಬಳಿ ನಿಂತು ಒಂದೊಂದು ಸುಲೈಮಾನಿ, ಹಾಲಿಲ್ಲದ ಚಹಾ, ಕುಡಿದು, ಆಮೇಲೆ ಆಫೀಸುಗಳ ಮೆಟ್ಟಿಲು ಹತ್ತುವುದು. ಅಲ್ಫೋನ್ಸ್‌ನ ಕೆಲವು ಕಟ್ಟುನಿಟ್ಟುಗಳಿದ್ದವು. ಗಡ್ಡ ಬಿಟ್ಟುಕೊಂಡು ಕೆಲಸ ಕೇಳಬಾರದು. ರಿಸೆಪ್ಷನ್ನಿನವರ ಹೆಸರು ಕೇಳದೆ ಸಿವಿ ಕೊಡಬಾರದು. ಬಿಸಿಲಿನಲ್ಲಿ ನಡೆಯುವಾಗ ಕಾಲರಿನೊಳಗೆ ಕರವಸ್ತ್ರ ಮಡಚಿ ಇಟ್ಟುಕೊಂಡು, ಆಫೀಸಿನ ಬಾಗಿಲ ಬಳಿ ಅದನ್ನು ತೆಗೆದು ಕಿಸೆಗೆ ಹಾಕಬೇಕು. ಜೂನ್ ತಿಂಗಳ ರೂವಿಯಲ್ಲಿ ನಡೆದವರಿಗೆ ಇದರ ಬೆಲೆ ಗೊತ್ತು. ಒಣಗಿದ ಕಾಲರಿನವನು ಬೇಡುವವನ ಹಾಗೆ ಕಾಣುವುದಿಲ್ಲ ಎಂದು ಅವನು ಹೇಳುತ್ತಿದ್ದ.

ಫೋಟೋ ತೆಗೆಸಲೂ ಇಬ್ಬರೂ ಒಟ್ಟಿಗೇ ಹೋದೆವು. ವಿಠಲಣ್ಣ ನಮ್ಮಿಬ್ಬರ ಮುಖ ನೋಡಿದ್ದೇ ವಿಷಯ ತಿಳಿದುಕೊಂಡರು. ನಾನು ಹಳೆಯ ಅಭಿಮಾನದಿಂದ ನನ್ನದೇ ಕಂದು ಟೈಗೆ ಕೈ ಹಾಕಿದರೆ ಅವರು ಬಿಡಲಿಲ್ಲ. ಬಿಳಿ ಚುಕ್ಕೆಯ ನೀಲಿ ಟೈ ತೆಗೆದು, ಇತ್ತೀಚೆಗೆ ಇದನ್ನು ಕಟ್ಟಿಕೊಂಡ ಒಬ್ಬನೂ ಖಾಲಿ ಕೂತಿಲ್ಲ, ಇಬ್ಬರಿಗೂ ಇದೇ ಇರಲಿ ಎಂದರು. ಅಲ್ಫೋನ್ಸ್ ಅದನ್ನು ಕಟ್ಟಿಕೊಂಡು ಕೂತ, ಬಿಚ್ಚಿ ನನ್ನ ಕುತ್ತಿಗೆಗೆ ಹಾಕಿದ. ಅವನು ತೆಳ್ಳಗಿನವನು, ಅವನ ಬೆನ್ನಿಗೆ ಕ್ಲಿಪ್ಪುಗಳ ಜಾತ್ರೆಯೇ ಬೇಕಾಯಿತು.

ನನ್ನ ಸಿವಿಯನ್ನು ಟೈಪು ಮಾಡಿದವನೂ ಅವನೇ. ತನ್ನದನ್ನೇ ತೆರೆದು, ಹೆಸರು, ಹುಟ್ಟಿದ ದಿನ, ಧರ್ಮ, ಖರೀದಿಯ ಅನುಭವ ಎಲ್ಲವನ್ನೂ ಬದಲಾಯಿಸಿ ಕೊಟ್ಟ. ಎಷ್ಟು ಚೆಂದದ ಇಂಗ್ಲಿಷೆಂದರೆ, ಓದುತ್ತ ಹೋದಂತೆ ಈ ಮನುಷ್ಯನನ್ನು ಕೆಲಸದಿಂದ ತೆಗೆದ ಕಂಪೆನಿಗೆ ಬುದ್ಧಿಯಿಲ್ಲ ಎನಿಸಿತು. ಎರಡನೆಯ ಪುಟದ ನಡುವಿನವರೆಗೆ ಓದಿ ನಾನು ಸಂತೋಷಪಟ್ಟು ಅಲ್ಲಿಗೆ ನಿಲ್ಲಿಸಿದೆ. ಮಗಳಿಗೆ ತೋರಿಸಲಿಲ್ಲ. ಅಪ್ಪನ ಕಾಗದವನ್ನು ತಿದ್ದುವ ಕೆಲಸ ಅವಳಿಗೆ ಬೇಡ, ಅವಳು ಓದಿಕೊಳ್ಳಲಿ ಎಂದುಕೊಂಡೆ.

ಬೇಸಿಗೆ ಹೋಯಿತು. ಫೋನು ಬರುವುದು ಕಡಿಮೆ, ಬಂದರೂ ನಮ್ಮ ವಯಸ್ಸು ಕೇಳಿದ ಮೇಲೆ ಆ ಕಡೆಯ ಧ್ವನಿ ತಣ್ಣಗಾಗುತ್ತಿತ್ತು. ಕೆಲವು ದಿನ ನನಗೆ ಕಾಲೇ ಏಳುತ್ತಿರಲಿಲ್ಲ. ಆಗೆಲ್ಲ ಕೆಳಗೆ ಅಲ್ಫೋನ್ಸ್ ಕಾಯುತ್ತಾನಲ್ಲ ಎಂಬ ಸಂಕೋಚವೇ ನನ್ನನ್ನು ಎಬ್ಬಿಸಿತು. ಹುರುಪು, ಛಲ ಎಂದು ದೊಡ್ಡ ಹೆಸರಿಟ್ಟು ಕರೆಯುವ ವಸ್ತು ನನ್ನಲ್ಲಿ ಇರಲಿಲ್ಲ. ಒಬ್ಬ ಮನುಷ್ಯನನ್ನು ಬಿಸಿಲಿನಲ್ಲಿ ಕಾಯಿಸಬಾರದು ಎಂಬುದಷ್ಟೇ ಇತ್ತು. ಅವನಿಗೂ ಹಾಗೇ ಇದ್ದಿರಬಹುದು.

ವರ್ಷದ ಕೊನೆ ಹತ್ತಿರ ಬಂದಾಗ ವಾದಿ ಅದಾಯ್ ಎಂಬ ಕಡೆಯಿಂದ ಕರೆ ಬಂತು. ಏಸಿ ಬಿಡಿಭಾಗಗಳ ಒಂದು ಶೋರೂಮು, ಸ್ಟೋರು ಮತ್ತು ಖರೀದಿ ಎರಡನ್ನೂ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ಒಬ್ಬನೇ. ನನಗೂ ಕರೆ, ಅಲ್ಫೋನ್ಸ್‌ಗೂ ಕರೆ, ಇಬ್ಬರಿಗೂ ಅದೇ ಗುರುವಾರ. ಇದು ಯಾವಾಗಲಾದರೂ ಆಗಲೇಬೇಕಿತ್ತು. ಆ ಬೆಳಿಗ್ಗೆ ಇಬ್ಬರೂ ವಿಠಲಣ್ಣನಲ್ಲಿ ಹೋಗಿ ಫೋಟೋದ ಪ್ರತಿ ತೆಗೆದುಕೊಂಡು, ಒಂದೇ ಟ್ಯಾಕ್ಸಿಯಲ್ಲಿ ಹೊರಟೆವು. ದಾರಿಯಲ್ಲಿ ಅವನು ಎಂದಿನಂತೆ ಹಾಡು ಗುನುಗಲಿಲ್ಲ. ನಾನು ಕಿಟಕಿಯ ಹೊರಗಿನ ಗುಡ್ಡ ನೋಡುತ್ತ ಕೂತಿದ್ದೆ. ಸ್ನೇಹಿತನಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಲು ಹೋದರೆ ಅನುಷಳ ಮುಖ ಅಡ್ಡ ಬರುತ್ತಿತ್ತು.

ಮ್ಯಾನೇಜರ್ ಸಯೀದ್ ಎಂಬ ಒಮಾನಿ. ನಮ್ಮ ಕರಾವಳಿಯವರ ಹಿಂದಿಗಿಂತ ಚೆನ್ನಾದ ಹಿಂದಿ ಅವನದು. ನನ್ನನ್ನು ಮೊದಲು ಕರೆದ. ಮೇಜಿನ ಮೇಲೆ ಬಂದವರೆಲ್ಲರ ಸಿವಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಸಾಲಾಗಿ ಹರಡಿಕೊಂಡಿದ್ದ. ನನ್ನದು, ಅಲ್ಫೋನ್ಸ್‌ನದು, ನನಗೆ ಪರಿಚಯವಿಲ್ಲದ ಇನ್ನಿಬ್ಬರದು. ನಾಲ್ಕು ತಲೆಗಳು, ಒಂದೇ ಕಡುನೀಲಿ ಕೋಟು, ಒಂದೇ ಚುಕ್ಕೆಯ ಟೈ. ಇದು ಯಾವ ಕಂಪೆನಿಯ ಯೂನಿಫಾರ್ಮು ಎಂದು ಕೇಳಿದ. ಅವನ ಮುಖದಲ್ಲಿ ನಗುವಿರಲಿಲ್ಲ. ಸ್ಟುಡಿಯೋದ ಕೋಟು, ನಮ್ಮದಲ್ಲ ಎಂದೆ. ಮಗಳು ಹೇಳಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ಆಮೇಲೆ ಅವನು ನನ್ನ ಸಿವಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದ. ಮೇಲೆ ಧರ್ಮ, ಹಿಂದೂ. ಕೆಳಗೆ ಹವ್ಯಾಸ, ಚರ್ಚ್ ಕಾಯರ್‌ನಲ್ಲಿ ಹಾಡುವುದು. ಎಲ್ಲವನ್ನೂ ಬದಲಾಯಿಸಿದ ಅಲ್ಫೋನ್ಸ್ ಅದೊಂದನ್ನು ಮರೆತಿದ್ದ. ತಿಂಗಳುಗಟ್ಟಲೆ ಆ ಕಾಗದವನ್ನು ಊರಿಡೀ ಹಂಚಿದ ನಾನು ಅದನ್ನು ಕೊನೆಯವರೆಗೆ ಓದಿರಲಿಲ್ಲ. ನೀವಿಬ್ಬರೂ ಒಂದೇ ಕಡೆ ಹಾಡುತ್ತೀರಾ ಎಂದು ಸಯೀದ್ ಕೇಳಿದ. ಹೌದೆನ್ನಬಹುದಿತ್ತು. ಆದರೆ ಒಂದು ಸಾಲು ಹಾಡು ಎಂದು ಬಿಟ್ಟರೆ? ನನಗೆ ಹಾಡಲು ಬಾರದು, ಇದು ನನ್ನ ಸ್ನೇಹಿತನ ಹವ್ಯಾಸ, ಸಿವಿ ಬರೆದುಕೊಟ್ಟವನೂ ಅವನೇ, ಹೊರಗೆ ಕೂತಿದ್ದಾನೆ ಎಂದು ಹೇಳಿಬಿಟ್ಟೆ.

"ಸಾಮಾನು ಖರೀದಿ ಮಾಡುವವನು ಕಾಗದವನ್ನು ಕೊನೆಯವರೆಗೆ ಓದುವುದಿಲ್ಲವೇ?" ಎಂದು ಅವನು ಮೆಲ್ಲಗೆ ಕೇಳಿದ.

ಕೊನೆಗೆ, ನಿಮ್ಮಿಬ್ಬರಲ್ಲಿ ಯಾರು ಮೇಲು ಎಂದ. ಸ್ಟೋರಿಗೆ ಅವನು, ಖರೀದಿಗೆ ನಾನು ಎಂದೆ. ಅದು ನಿಜವೇ ಆಗಿತ್ತು. ಮಗಳ ಪರೀಕ್ಷೆಯ ವಿಷಯ ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಎದ್ದು ಬಂದೆ. ಹೊರಗೆ ಅಲ್ಫೋನ್ಸ್ ಕಾಲರಿನಿಂದ ಕರವಸ್ತ್ರ ತೆಗೆದು, ಮಡಚಿ ಕಿಸೆಗೆ ಹಾಕಿಕೊಂಡು, ಒಳಗೆ ಹೋದ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನಲ್ಲಿ ಹೊರಗೆ ಬಂದ.

"ಖಲಾಸ್" ಎಂದ. ಅವನಿಗೂ ಆಗಲಿಲ್ಲ ಎಂದುಕೊಂಡೆ.

ರೂವಿಗೆ ಬಂದು ಎಂದಿನ ಜಾಗದಲ್ಲಿ ಚಹಾ ಕುಡಿಯುವಾಗ ಕಾಯರ್‌ನ ಕಥೆ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟು, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ತಾನು ಮರೆತದ್ದಕ್ಕೆ ಬೇಜಾರು ಮಾಡಬೇಡ ಎಂದ. ಆಮೇಲೆ ಸಂಜೆ ಕಾಯರ್ ಪ್ರಾಕ್ಟೀಸ್ ಉಂಟು, ಅದಕ್ಕೆ ಮೊದಲು ಸ್ವಲ್ಪ ಕೆಲಸ ಉಂಟು ಎಂದು ಬೇಗನೆ ಎದ್ದು ಹೋದ. ಆ ಶುಕ್ರವಾರ, ಶನಿವಾರ ನಾನು ಮನೆಯಿಂದ ಕೆಳಗಿಳಿಯಲಿಲ್ಲ. ಜಯಂತಿ ಅಟ್ಟದ ಮೇಲಿನ ಸೂಟ್‌ಕೇಸಿನ ಧೂಳು ಒರೆಸಿ ಕೆಳಗಿಟ್ಟಳು.

ಸೋಮವಾರ ಸಯೀದ್‌ನ ಫೋನು ಬಂತು. ನನಗೆ ಕೆಲಸ ಕೊಟ್ಟಿದ್ದರು.

ಜಯಂತಿ ದೇವರ ಮುಂದೆ ದೀಪ ಹಚ್ಚಿದಳು. ಅನುಷ ಕೋಣೆಗೆ ಹೋಗಿ ವೇಳಾಪಟ್ಟಿಯನ್ನು ತೆಗೆದು ಮತ್ತೆ ಮೇಜಿನ ಮೇಲೆ ಅಂಟಿಸಿದಳು. ಅಲ್ಫೋನ್ಸ್‌ಗೆ ಹೇಳುವುದು ಹೇಗೆಂದು ನಾನು ಒದ್ದಾಡಿದೆ. ಅವನು ಮಾತ್ರ ನನಗಿಂತ ಹೆಚ್ಚು ಸಂತೋಷಪಟ್ಟು, ಸ್ವೀಟ್ ಎಲ್ಲಿ ಎಂದು ಕೇಳಿದ. ಹೊಸ ವರ್ಷಕ್ಕೆ ಮೊದಲು ಅವನ ವೀಸಾ ರದ್ದಾಯಿತು. ಏರ್‌ಪೋರ್ಟಿಗೆ ನಾನೇ ಬ್ಯಾಗು ಹೊತ್ತೆ. ಅವನು ಇದ್ದಷ್ಟು ದಿನ ನನಗೆ ಟೈ ಕೊಳ್ಳಲು ಮನಸ್ಸು ಬಂದಿರಲಿಲ್ಲ. ಅವನ ಕೈ ಖಾಲಿಯಿರುವಾಗ ನಾನು ಹೋಗಿ ಮೊಳೆಗೆ ಟೈ ನೇತುಹಾಕುವುದು ಸರಿಯೆನಿಸಿರಲಿಲ್ಲ. ಅವನು ಹೋದ ಮೇಲಿನ ವಾರ ಒಂದು ಟೈ ಕೊಂಡು ಸ್ಟುಡಿಯೋಕ್ಕೆ ಹೋದೆ.

ವಿಠಲಣ್ಣ ಅದನ್ನು ನೋಡಿ ಹುಬ್ಬೇರಿಸಿದರು. "ಪುನಃ ಎಂತಕ್ಕೆ ಮಾರಾಯ್ರೆ? ನಿಮ್ಮದು ಆಗ್ಲೇ ಬಂದಾಗಿದೆಯಲ್ಲ."

ಪರದೆ ಸರಿಸಿ ತೋರಿಸಿದರು. ಮೊಳೆಯಲ್ಲಿ ಎಲ್ಲದರ ಮೇಲೆ ಕಡುಹಸಿರು ಬಣ್ಣದ ಹೊಸ ಟೈ ಇತ್ತು. ಅಲ್ಫೋನ್ಸ್ ತಂದುಕೊಟ್ಟದ್ದು, ಶ್ರೀಧರನಿಗೆ ಕೆಲಸ ಆಯಿತು, ಅವನಿಗೆ ಪುರುಸೊತ್ತಿಲ್ಲ, ಅವನ ಹೆಸರಿನಲ್ಲಿ ಹಾಕಿ ಎಂದು ಹೇಳಿ ಹೋದದ್ದು ಎಂದರು. ಯಾವಾಗ ಎಂದು ಕೇಳಿದೆ.

"ಅದೇ ಗುರುವಾರ. ಬೆಳಿಗ್ಗೆ ನೀವಿಬ್ರೂ ಫೋಟೋ ತಗೊಂಡು ಇಲ್ಲಿಂದ್ಲೇ ಇಂಟರ್‌ವ್ಯೂಗೆ ಹೋದದ್ದಲ್ವಾ? ಸಂಜೆ ಕಾಯರ್‌ಗೆ ಹೋಗುವಾಗ ಬಂದಿದ್ರು."

ನನಗೆ ಫೋನು ಬಂದದ್ದು ಸೋಮವಾರ. ಗುರುವಾರ ಸಂಜೆ, ಕೆಲಸ ನನಗಾಯಿತು ಎಂದು ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದನ್ನು ನನಗೆ ಬಿಟ್ಟುಕೊಟ್ಟು ಬಂದವನೊಬ್ಬನನ್ನು ಬಿಟ್ಟು. ಆ ಪುಟ್ಟ ಅಂಗಡಿಯಲ್ಲಿ ಫೋಟೋ ತೆಗೆಯುವ ಸ್ಟೂಲಿನ ಮೇಲೆ ನಾನು ಕೂತುಬಿಟ್ಟೆ. ನನಗೆ ಅಳು ಬಂತು. ವಿಠಲಣ್ಣ ಏನೂ ತಿಳಿಯದೆ ಫ್ಯಾನು ಜೋರು ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ನಾನು ತಂದ ಟೈಯನ್ನು ಅವರ ಕೈಗೆ ಕೊಟ್ಟು, ಇದನ್ನು ಅಲ್ಫೋನ್ಸ್ ಹೆಸರಿನಲ್ಲಿ ಹಾಕಿ ಎಂದೆ. ಅವರಿಗೆ ಎಲ್ಲಿ ಕೆಲಸ ಸಿಕ್ಕಿತು ಎಂದು ವಿಠಲಣ್ಣ ಕೇಳಿದರು. ನಾನು ಹೇಳಲಿಲ್ಲ. ಅವರೂ ಒತ್ತಾಯಿಸದೆ ಹಸಿರು ಟೈಯ ಪಕ್ಕಕ್ಕೇ ಅದನ್ನು ಹಾಕಿದರು.

ಮರುದಿನ ಸಯೀದ್‌ನನ್ನು ನೇರವಾಗಿ ಕೇಳಿದೆ. ಅವನು ಮುಚ್ಚಿಡಲಿಲ್ಲ. ಸಿವಿ ಬರೆದವನನ್ನೇ ತೆಗೆದುಕೊಳ್ಳುವುದೆಂದು ತಾನು ನಿರ್ಧರಿಸಿದ್ದೆ, ಅವನು ಒಳಗೆ ಬಂದ ಕೂಡಲೇ ಹಾಡಿನ ಸಾಲಿನ ಕಥೆ ಹೇಳಿ, ಕೆಲಸ ನಿನಗೆ ಎಂದು ಅವನಿಗೆ ತಿಳಿಸಿಯೂ ಇದ್ದೆ ಎಂದ. ಅಲ್ಫೋನ್ಸ್ ಕುರ್ಚಿಯಲ್ಲಿ ಕೂರಲೇ ಇಲ್ಲವಂತೆ. "ನಾನು ಊರಿಗೆ ಹೊರಟವನು. ಹಾಡಲು ಬಾರದವನನ್ನು ತೆಗೆದುಕೊಳ್ಳಿ, ಅವನ ಮಗಳಿಗೆ ಪರೀಕ್ಷೆ ಇದೆ" ಎಂದನಂತೆ. ನಾನು ನುಂಗಿಕೊಂಡು ಬಂದ ಮಾತನ್ನು ಅವನು ನನ್ನ ಪರವಾಗಿ ಆಡಿದ್ದ.

ಅಂದು ಸಂಜೆಯೇ ಶಿರ್ವಕ್ಕೆ ಫೋನು ಮಾಡಿದೆ. ಹಸಿರು ಟೈ ನೋಡಿದೆ ಎಂದಷ್ಟೇ ಹೇಳಿದೆ, ಅವನಿಗೆ ವಿಷಯ ತಿಳಿಯಿತು.

"ನಂಗೆ ಹೋಗ್ಲಿಕ್ಕೇ ಇತ್ತು ಮಾರಾಯ. ನೀನು ಅದನ್ನೆಲ್ಲ ತಲೆಗೆ ಹಾಕ್ಕೊಳ್ಬೇಡ. ಅನುಷನ ಪರೀಕ್ಷೆ ಯಾವಾಗ?" ಎಂದ.

ಪರೀಕ್ಷೆಯ ದಿನ ಹೇಳಿದೆ. ನೆನಪಿಟ್ಟುಕೊಂಡು ಪ್ರಾರ್ಥನೆ ಮಾಡುತ್ತೇನೆ ಎಂದ. ಕಾಯರ್ ಹೇಗಿದೆ ಎಂದು ಕೇಳಿದೆ. ಊರಿನ ಚರ್ಚಿನಲ್ಲಿ ಈಗ ಎಲ್ಲ ಗಿಟಾರಿನ ಎಳೆಯರು, ಅಲ್ಲಿ ತನಗೆ ಜಾಗವಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತೇನೆ ಎಂದ. ನಗುತ್ತಲೇ ಹೇಳಿದ. ಆದರೆ ಮಸ್ಕತ್ತು ಬಿಟ್ಟರೆ ಸ್ವರ ಹೊರಡುವುದಿಲ್ಲ ಎಂದಿದ್ದ ಮನುಷ್ಯ ಅವನು.

ಅನುಷ ಪರೀಕ್ಷೆ ಬರೆದಳು, ಪಾಸಾದಳು, ಈಗ ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ನಮ್ಮ ಶೋರೂಮು ಕೈ ಬದಲಾಗುತ್ತದೆಂದು ಇತ್ತೀಚೆಗೆ ಸುದ್ದಿ ಹಬ್ಬಿದೆ. ಗಲ್ಫಿನಲ್ಲಿ ಕೆಲಸ ಹುಡುಕುವುದು ಮುಗಿಯಿತು ಎನ್ನುವಂತೆಯೇ ಇಲ್ಲ. ಅದಕ್ಕೇ ಅವಳು ದೂರದಿಂದಲೇ ನನ್ನ ಸಿವಿಯನ್ನು ಹೊಸದು ಮಾಡಿಕೊಡಲು ಹೊರಟಿದ್ದಾಳೆ. ಮೊನ್ನೆ ಜಯಂತಿ ಫೋಟೋಗಳನ್ನು ಹರಡಿಕೊಂಡು ಇವನ್ನು ಬಿಸಾಡುವುದಾ ಇಡುವುದಾ ಎಂದು ಕೇಳುತ್ತಿದ್ದ ಹೊತ್ತಿಗೇ ಅವಳ ವೀಡಿಯೋ ಕರೆ ಬಂತು. ನೆಲದ ಮೇಲಿನ ಚುಕ್ಕೆ ಟೈಯ ಫೋಟೋವನ್ನು ಮಾತ್ರ ನಾನು ಎತ್ತಿ ಕಿಸೆಗೆ ಹಾಕಿಕೊಂಡೆ.

"ಅಪ್ಪಾ, ಈ ಹಾಬೀಸ್ ಲೈನ್ ಡಿಲೀಟ್ ಮಾಡ್ತೇನೆ ಆಯ್ತಾ? ಚರ್ಚ್ ಕಾಯರ್ ಅಂತ ಇನ್ನೂ ಉಂಟು. ಇಟ್ಸ್ ನಾಟ್ ಈವನ್ ಟ್ರೂ" ಎಂದಳು.

ಸುಳ್ಳೆಂದು ನನಗೂ ಗೊತ್ತು. ನನಗೆ ಒಂದು ಸಾಲು ಹಾಡಲು ಬಾರದು. ಆದರೆ ಆ ಎರಡು ಪುಟಗಳಲ್ಲಿ ಅಲ್ಫೋನ್ಸ್‌ನದನ್ನು ಬಿಟ್ಟು ಬೇರೆ ಯಾರ ಸಿವಿಯಲ್ಲೂ ಇಲ್ಲದ್ದು, ನನಗೆ ಈ ಕೆಲಸ ಹೇಗೆ ಸಿಕ್ಕಿತೆಂದು ಹೇಳುವುದು, ಅದೊಂದೇ ಸಾಲು.

ಅದು ಇರಲಿ ಮಗಾ, ತೆಗೆಯಬೇಡ ಎಂದೆ.